ಎದೆಗೆ ಒತ್ತಿಕೊಂಡ ಶುಭಸಂದೇಶ

ಮನೆಭೇಟಿಗೆ ಹೋದಾಗಲೆಲ್ಲ ನಾನು ಕೇಳುವ ದೂರು ಒಂದಿದೆ. ಮನೆಯಲ್ಲಿ ಬೈಬಲ್ ಇದೆ, ಮದುವೆಯ ದಿನ ಯಾರೋ ಕೊಟ್ಟದ್ದು, ಪೀಠದ ಪಕ್ಕದಲ್ಲಿ ಭದ್ರವಾಗಿಯೇ ಇದೆ. ಆದರೆ ತೆರೆದು ಕೂತರೆ ನಾಲ್ಕು ವಚನ ಓದುವಷ್ಟರಲ್ಲಿ ಕಣ್ಣೆಳೆಯುತ್ತದೆ. ಇಲ್ಲವಾದರೆ ಮನಸ್ಸು ಒಲೆಯ ಮೇಲಿನ ಹಾಲಿನತ್ತ ಓಡುತ್ತದೆ. ಧ್ಯಾನವೆಲ್ಲ ನಿಮ್ಮಂಥ ಗುರುಗಳಿಗೆ, ನಮ್ಮಂಥವರಿಗಲ್ಲ ಫಾದರ್ ಎಂದು ಹೇಳಿ ಅವರು ಕಾಫಿ ತರಲು ಎದ್ದುಬಿಡುತ್ತಾರೆ. ಗುರುಮಠದಲ್ಲಿ ವರ್ಷಗಟ್ಟಲೆ ಧರ್ಮಶಾಸ್ತ್ರ ಓದಿದ ನನಗೂ ಎಷ್ಟೋ ಮುಂಜಾನೆ ಹೀಗೇ ಆಗಿದೆ ಎಂದು ಅವರಿಗೆ ಹೇಳಲು ನಾಚಿಕೆ. ಇಂದು ನಿಮಗೆ ಹೇಳುತ್ತಿದ್ದೇನೆ. ಧೈರ್ಯ ಬಂದದ್ದು ನಿಮಗೆಲ್ಲ ಗೊತ್ತಿರುವ ಒಬ್ಬ ಸಂತರಿಂದ. ಕೈತುಂಬ ಗುಲಾಬಿ ಹಿಡಿದ ಬಾಲಯೇಸುವಿನ ತೆರೇಸರಿಂದ.

ಗುಲಾಬಿಯ ಚಿತ್ರವನ್ನು ಸ್ವಲ್ಪ ಹೊತ್ತು ಮರೆಯಿರಿ. ಆ ಚಿತ್ರದಿಂದಾಗಿ ಇವರದು ಬಲು ಸುಖದ, ಸಿಹಿಯಾದ ಜೀವನ ಎಂಬ ಭಾವನೆ ನಮ್ಮಲ್ಲಿ ಉಳಿದುಬಿಟ್ಟಿದೆ.

ಫ್ರಾನ್ಸ್ ದೇಶದ ಅಲಾನ್ಸೋನ್ ಪಟ್ಟಣದಲ್ಲಿ 1873ರ ಜನವರಿ 2ರಂದು ಹುಟ್ಟಿದ ತೆರೇಸ, ಲೂಯಿ ಮತ್ತು ಝೆಲಿ ಮಾರ್ಟಿನ್ ದಂಪತಿಗಳ ಒಂಬತ್ತನೆಯ ಮಗು. ಬದುಕುಳಿದದ್ದು ಐವರು ಹೆಣ್ಣುಮಕ್ಕಳು. ತಂದೆಯದು ಗಡಿಯಾರದ ಕಸುಬು, ತಾಯಿಯದು ಲೇಸ್ ಹೆಣೆಯುವ ಉದ್ಯಮ. ಮಗುವಿಗೆ ನಾಲ್ಕೂವರೆ ವರ್ಷವಾಗಿದ್ದಾಗ ತಾಯಿ ಎದೆಯ ಕ್ಯಾನ್ಸರಿನಿಂದ ತೀರಿಕೊಂಡರು. ಈ ತಂದೆತಾಯಿಯರಿಬ್ಬರನ್ನೂ ಧರ್ಮಸಭೆ 2015ರಲ್ಲಿ ಒಟ್ಟಿಗೇ ಸಂತರೆಂದು ಸಾರಿತು. ತಬ್ಬಲಿ ಮಗುವಿಗೆ ಎರಡನೆಯ ತಾಯಿಯಾಗಿದ್ದ ಅಕ್ಕ ಪೌಲೀನ್ ಲಿಸ್ಯೂ ಪಟ್ಟಣದ ಕಾರ್ಮೆಲ್ ಮಠಕ್ಕೆ ಸೇರಿದಾಗ ಹುಡುಗಿ ಕಾಯಿಲೆ ಬಿದ್ದಳು. ಮುಂದೆ ಅದೇ ಮಠಕ್ಕೆ ಸೇರುವ ಹಟ ಹಿಡಿದು, ರೋಮಿಗೆ ಹೋಗಿ, 1887ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳ ಪಾದದ ಬಳಿಯೇ ಬೇಡಿಕೊಂಡಳು. 1888ರ ಏಪ್ರಿಲ್ 9ರಂದು, ಹದಿನೈದರ ವಯಸ್ಸಿನಲ್ಲಿ ಮಠದ ಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತು. ಮತ್ತೆ ಅವರು ಹೊರಗೆ ಬರಲಿಲ್ಲ. ನಮ್ಮ ಮಂಗಳೂರಿನಲ್ಲಿ 1870ರಲ್ಲಿ ಫ್ರಾನ್ಸಿನ ಕನ್ಯಾಸ್ತ್ರೀಯರು ಬಂದು ಸ್ಥಾಪಿಸಿದ್ದೂ ಇದೇ ಬಗೆಯ ಮಠ. ಜಾಲರಿಯ ಹಿಂದಿನ ಆ ಮೌನವನ್ನು ಕಂಡವರಿಗೆ ನಾನು ಹೇಳುವುದು ಬೇಗ ಅರ್ಥವಾದೀತು.

ಅಲ್ಲಿ ದಿನಕ್ಕೆ ಎರಡು ಗಂಟೆ ಮೌನಧ್ಯಾನ. ಈ ಎರಡು ಗಂಟೆಗಳಲ್ಲಿ ತೆರೇಸರಿಗೆ ಏನಾಗುತ್ತಿತ್ತು ಗೊತ್ತೇ? ನಿದ್ದೆ ಬರುತ್ತಿತ್ತು! ಒಂದೆರಡು ದಿನವಲ್ಲ, ಏಳು ವರ್ಷ. ಪರಮಪ್ರಸಾದ ಸ್ವೀಕರಿಸಿದ ಬಳಿಕದ ಕೃತಜ್ಞತಾ ಪ್ರಾರ್ಥನೆಯಲ್ಲೂ ತೂಕಡಿಕೆ. ಇದನ್ನು ಅವರೇ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ. ಇದಕ್ಕಾಗಿ ತಾನು ಕೊರಗಬೇಕಿತ್ತು, ಆದರೆ ಕೊರಗಲಿಲ್ಲ ಎಂದೂ ಬರೆದಿದ್ದಾರೆ. ಮಲಗಿದ ಮಗುವೂ ಎಚ್ಚರವಾಗಿರುವ ಮಗುವೂ ಹೆತ್ತವರಿಗೆ ಒಂದೇ ಅಲ್ಲವೇ? ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ರೋಗಿಯನ್ನು ಮೊದಲು ಮಲಗಿಸುವುದಿಲ್ಲವೇ? ಅವರ ವಾದ ಇಷ್ಟೇ. ಇದನ್ನು ಸೋಮಾರಿಗಳ ಸಮಾಧಾನ ಎಂದುಕೊಳ್ಳಬೇಡಿ. ಇವರು ಆ ಏಳು ವರ್ಷವೂ ಹೊತ್ತಿಗೆ ಸರಿಯಾಗಿ ಬಂದು ಮೊಣಕಾಲೂರಿದವರು.

ಸಂಜೆಯ ಧ್ಯಾನದಲ್ಲಿ ಇನ್ನೊಂದು ಕಾಟವೂ ಇತ್ತು. ಹಿಂದಿನ ಸಾಲಿನ ಒಬ್ಬ ಸಹೋದರಿ ಎರಡು ಚಿಪ್ಪುಗಳನ್ನು ಉಜ್ಜಿದಂಥ ವಿಚಿತ್ರ ಸದ್ದು ಮಾಡುತ್ತಿದ್ದರು. ತಿರುಗಿ ಒಮ್ಮೆ ನೋಡಿದ್ದರೆ ಸದ್ದು ನಿಲ್ಲುತ್ತಿತ್ತೋ ಏನೋ, ತೆರೇಸರು ತಿರುಗಲಿಲ್ಲ. ಕಿರಿಕಿರಿಗೆ ಮೈ ಬೆವರುತ್ತಿತ್ತು. ಕೊನೆಗೆ ಆ ಸದ್ದನ್ನೇ ಇಂಪಾದ ಸಂಗೀತವೆಂಬಂತೆ ಗಮನವಿಟ್ಟು ಕೇಳಿ, ಅದನ್ನೇ ಯೇಸುಸ್ವಾಮಿಗೆ ಅರ್ಪಿಸಿ ಏಳುತ್ತಿದ್ದರು. ಅಂದಿನ ಧ್ಯಾನ ಅಷ್ಟೇ. ನಮ್ಮ ದೇವಾಲಯದಲ್ಲಿ ಬೆಂಚಿನ ಮೇಲೆ ಕೀಲಿಕೈ ಗೊಂಚಲು ಆಡಿಸುವವರ ಮುಂದೆ ಕುಳಿತು ಒಮ್ಮೆ ಪ್ರಯತ್ನಿಸಿ ನೋಡಿ!

ಧ್ಯಾನ ಕಲಿಸುವ ದೊಡ್ಡ ಪುಸ್ತಕಗಳು ಅವರಿಗೆ ಒಗ್ಗಲಿಲ್ಲ. ಓದಿದಂತೆ ತಲೆ ದಣಿಯುತ್ತಿತ್ತು, ಹೃದಯ ಒಣಗುತ್ತಿತ್ತು. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಶಿಲುಬೆಯ ಸಂತ ಯೊವಾನ್ನರ ಬರಹಗಳು ಊಟವಾಗಿದ್ದವು, ಆಮೇಲೆ ಎಲ್ಲವೂ ಸಪ್ಪೆಯಾಯಿತು. ಉಳಿದದ್ದು ಪವಿತ್ರ ಗ್ರಂಥವೊಂದೇ, ಅದರಲ್ಲೂ ಶುಭಸಂದೇಶ. ಅದರ ಪುಟ್ಟ ಪ್ರತಿಯನ್ನು ಹಗಲೂ ರಾತ್ರಿಯೂ ಎದೆಯ ಮೇಲೆ ಧರಿಸುತ್ತಿದ್ದರು. ಇಡೀ ಬೈಬಲ್ ಅವರ ಸ್ವಂತಕ್ಕೆ ಎಂದೂ ಇರಲಿಲ್ಲ ಎಂಬುದನ್ನು ಇಲ್ಲಿ ನೆನಪಿಡಿ. ಬೇರೆ ಬೇರೆ ಅನುವಾದಗಳು ಬೇರೆ ಬೇರೆ ಹೇಳುವುದನ್ನು ಕಂಡು ನೊಂದು, ತಾನು ಗುರುವಾಗಿದ್ದರೆ ಹೀಬ್ರೂ ಗ್ರೀಕ್ ಕಲಿತು ಮೂಲದಲ್ಲೇ ಓದುತ್ತಿದ್ದೆ ಎಂದಿದ್ದಾರೆ. (ಈ ಮಾತು ಓದಿದಾಗ ನನ್ನ ಹಳೆಯ ಗ್ರೀಕ್ ನೋಟುಪುಸ್ತಕ ನೆನಪಾಗಿ ತಲೆ ತಗ್ಗಿಸಿದ್ದೇನೆ.) ಒಣ ಕಾಲ ಬಂದಾಗ ಪರಲೋಕ ಮಂತ್ರವನ್ನು, ನಮೋ ಮರಿಯಾ ಪ್ರಾರ್ಥನೆಯನ್ನು ಬಲು ನಿಧಾನವಾಗಿ ಹೇಳಿಕೊಳ್ಳುತ್ತಿದ್ದರು.

ಅವರು ಬೈಬಲ್ ಓದುತ್ತಿದ್ದದ್ದು ತಮ್ಮ ಗಾಯದೊಂದಿಗೆ. 1889ರಲ್ಲಿ ಅವರ ತಂದೆಗೆ ಬುದ್ಧಿಭ್ರಮಣೆಯಾಗಿ, ಕಾನ್ ನಗರದ ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂರು ವರ್ಷಕ್ಕೂ ಹೆಚ್ಚು ಅಲ್ಲಿದ್ದರು. ಊರಿನ ಬಾಯಿಗೆ ತುತ್ತಾಯಿತು. ಕಿರಿಮಗಳು ಮಠಕ್ಕೆ ಹೋದದ್ದರಿಂದಲೇ ಹೀಗಾಯಿತು ಎಂಬ ಮಾತೂ ಬಂತು. ಮನೆಯಲ್ಲಿ ಇಂಥ ಕಾಯಿಲೆಯವರನ್ನು ಇಟ್ಟುಕೊಂಡು, ನೆಂಟರಿಗೆ ಗೊತ್ತಾಗದಂತೆ ಬಾಗಿಲು ಮುಚ್ಚಿಕೊಳ್ಳುವ ಕುಟುಂಬಗಳು ನಮ್ಮಲ್ಲಿಯೂ ಇವೆ. ಅವರಿಗೆ ಈ ನೋವು ವಿವರಿಸಬೇಕಾಗಿಲ್ಲ. ಆಗ ತೆರೇಸರು ಹಿಡಿದದ್ದು ಪ್ರವಾದಿ ಯೆಶಾಯನ 53ನೆಯ ಅಧ್ಯಾಯವನ್ನು. ಜನರು ಮುಖ ತಿರುಗಿಸಿಕೊಂಡ, ರೂಪಗೆಟ್ಟ, ನೋವುಂಡ ಸೇವಕನ ಚಿತ್ರ ಅಲ್ಲಿದೆ. ಕಾಯಿಲೆಯ ದಿನಗಳಲ್ಲಿ ತಂದೆ ತಮ್ಮ ಮುಖಕ್ಕೆ ಬಟ್ಟೆ ಮುಚ್ಚಿಕೊಳ್ಳುತ್ತಿದ್ದದ್ದುಂಟು. ಆ ಮುಚ್ಚಿದ ಮುಖದಲ್ಲಿ ಮಗಳು ಕ್ರಿಸ್ತರ ಮುಖವನ್ನು ಕಂಡಳು. ತಮ್ಮ ಹೆಸರಿಗೆ ಪವಿತ್ರ ಮುಖದ ತೆರೇಸ ಎಂಬುದನ್ನೂ ಸೇರಿಸಿಕೊಂಡರು. ನಾವು ಹೇಳುವಾಗ ಈ ಅರ್ಧವನ್ನು ಬಿಟ್ಟೇ ಹೇಳುತ್ತೇವೆ.

ತಂದೆ 1894ರಲ್ಲಿ ತೀರಿಕೊಂಡ ಮೇಲೆ ಅವರ ಆರೈಕೆ ಮಾಡುತ್ತಿದ್ದ ಅಕ್ಕ ಸೆಲೀನ್ ಕೂಡ ಮಠಕ್ಕೆ ಬಂದರು. ಬರುವಾಗ ಹಳೆಯ ಒಡಂಬಡಿಕೆಯ ಆಯ್ದ ಭಾಗಗಳನ್ನು ಬರೆದುಕೊಂಡಿದ್ದ ಒಂದು ನೋಟುಪುಸ್ತಕ ತಂದರು. ತೆರೇಸರಿಗೆ ನಿಧಿ ಸಿಕ್ಕಿದಂತಾಯಿತು. ಸಂತರೆಲ್ಲ ಬೆಟ್ಟಗಳಂತೆ ಕಾಣುತ್ತಿದ್ದರು, ತಾನೊಂದು ಮರಳಿನ ಕಣ. ಮೆಟ್ಟಿಲು ಹತ್ತಲು ಶಕ್ತಿಯಿಲ್ಲ. ಆಗ ಶ್ರೀಮಂತರ ಮನೆಗಳಲ್ಲಿ ಹೊಸದಾಗಿ ಬಂದಿದ್ದ ಲಿಫ್ಟ್ ನೆನಪಾಯಿತು. ದೇವರ ಬಳಿಗೆ ಹೋಗಲು ಅಂಥದೊಂದು ಇದೆಯೇ ಎಂದು ಆ ಪುಟಗಳಲ್ಲಿ ಹುಡುಕಿದರು. ಜ್ಞಾನೋಕ್ತಿಗಳ 9ನೆಯ ಅಧ್ಯಾಯದಲ್ಲಿ ಚಿಕ್ಕವರಿಗೆ ಬರುವ ಕರೆ ಕಂಡಿತು. ಕರೆದು ಏನು ಮಾಡುತ್ತಾರೆಂದು ಮತ್ತೂ ಹುಡುಕಿದಾಗ, ಯೆಶಾಯನ 66ನೆಯ ಅಧ್ಯಾಯದಲ್ಲಿ ಮಗುವನ್ನು ತೊಡೆಯ ಮೇಲಿಟ್ಟು ಸಂತೈಸುವ ತಾಯಿಯಂಥ ದೇವರು ಸಿಕ್ಕರು. ಯೇಸುವಿನ ತೋಳುಗಳೇ ತನ್ನ ಲಿಫ್ಟ್ ಎಂದು ತೀರ್ಮಾನಿಸಿದರು. ಅವರ ಚಿಕ್ಕ ಹಾದಿ ಎಂದು ನಾವು ಕರೆಯುವುದು ಇದನ್ನೇ.

ಇಲ್ಲಿ ಅವರ ರೀತಿಯನ್ನು ಗಮನಿಸಿ. ಒಂದು ಪ್ರಶ್ನೆ ಹಿಡಿದು ವಾಕ್ಯದ ಮುಂದೆ ಕೂರುವುದು. ಅರ್ಧ ಉತ್ತರ ಸಿಕ್ಕರೆ ಎದ್ದುಹೋಗದಿರುವುದು. 1896ರ ಸೆಪ್ಟೆಂಬರಿನಲ್ಲೂ ಹೀಗೆಯೇ ಆಯಿತು. ಗುರು, ಪ್ರೇಷಿತ, ಪಂಡಿತ, ರಕ್ತಸಾಕ್ಷಿ, ಎಲ್ಲವೂ ಆಗಬೇಕೆಂಬ ಹಂಬಲ ಅವರನ್ನು ಹಿಂಸಿಸುತ್ತಿತ್ತು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 12ನೆಯ ಅಧ್ಯಾಯ ತೆರೆದರು. ಎಲ್ಲರೂ ಎಲ್ಲವೂ ಆಗಲಾಗದು ಎಂದಿತ್ತು. ಉತ್ತರ ಸ್ಪಷ್ಟ, ಆದರೆ ಸಮಾಧಾನವಿಲ್ಲ. ಪುಸ್ತಕ ಮುಚ್ಚಲಿಲ್ಲ, ಮುಂದೆ ಓದಿದರು. 13ನೆಯ ಅಧ್ಯಾಯ ಪ್ರೀತಿಯದು. ಧರ್ಮಸಭೆ ಎಂಬ ದೇಹಕ್ಕೆ ಹೃದಯವೊಂದಿರಬೇಕು, ಅಲ್ಲಿ ತಾನು ಪ್ರೀತಿಯಾಗಿರುವೆ ಎಂಬುದು ಆಗ ಹೊಳೆಯಿತು.

ಇದನ್ನು ಬರೆಯುವಾಗ ಅವರು ಕತ್ತಲಲ್ಲಿದ್ದರು. ಅದೇ ವರ್ಷ ಏಪ್ರಿಲ್ 2ರ ಪವಿತ್ರ ಗುರುವಾರ ರಾತ್ರಿ ಮೊದಲ ಬಾರಿಗೆ ಬಾಯಿಯಿಂದ ರಕ್ತ ಬಂದಿತ್ತು. ಕ್ಷಯ. ಅದಕ್ಕೆ ಅವರು ಅಂಜಲಿಲ್ಲ. ಆದರೆ ಈಸ್ಟರ್ ಕಾಲದಲ್ಲೇ ಇನ್ನೊಂದು ಎರಗಿತು: ಸ್ವರ್ಗವೆಂಬುದು ಇಲ್ಲವೇ ಇಲ್ಲವೇನೋ, ಸಾವಿನಾಚೆ ಬರೀ ಶೂನ್ಯವೇನೋ ಎಂಬ ಯೋಚನೆ. ಹಾಡುಗಳಲ್ಲಿ ಸ್ವರ್ಗದ ಸಂತಸ ಬರೆಯುತ್ತಿದ್ದರೂ ಒಳಗೆ ಒಂದಿಷ್ಟೂ ಸಂತಸವಿರಲಿಲ್ಲ. ನಂಬಲು ಇಚ್ಛಿಸುವುದನ್ನಷ್ಟೇ ಹಾಡುತ್ತಿದ್ದರು. ವಿಶ್ವಾಸ ಪ್ರಮಾಣವನ್ನು ತಮ್ಮ ರಕ್ತದಲ್ಲೇ ಬರೆದು ಮೈಮೇಲೆ ಧರಿಸಿಕೊಂಡರು. ವಿಶ್ವಾಸವಿಲ್ಲದವರನ್ನು ಅವರು ದೂಷಿಸಲಿಲ್ಲ. ಅವರ ಊಟದ ಮೇಜಿನಲ್ಲೇ ತಾನೂ ಕುಳಿತಿದ್ದೇನೆ ಎಂದುಕೊಂಡು, ಅವರೆಲ್ಲರ ಪರವಾಗಿ ಶುಭಸಂದೇಶದ ಸುಂಕದವನಂತೆ ದಯೆ ಬೇಡಿದರು. ಭರವಸೆ ಎಂದರೆ ಎದೆಯಲ್ಲಿ ಬೆಚ್ಚಗಿರುವುದು ಎಂದುಕೊಂಡಿದ್ದ ನನ್ನ ಎಣಿಕೆ ತಪ್ಪಿದ್ದು ಈ ಪುಟಗಳನ್ನು ಓದಿದಾಗಲೇ. ತೆರೇಸರದು ಬೆಚ್ಚಗಿರಲಿಲ್ಲ. ಹದಿನೆಂಟು ತಿಂಗಳು, ಸಾಯುವವರೆಗೂ ಆ ಮಂಜು ಸರಿಯಲಿಲ್ಲ.

1897ರ ಸೆಪ್ಟೆಂಬರ್ 30ರಂದು, 24ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ವರ್ಷ ತುಂಬುವಾಗ ಅವರ ಬರಹಗಳು ಒಂದು ಆತ್ಮದ ಕಥೆ ಎಂಬ ಹೆಸರಿನಲ್ಲಿ 2,000 ಪ್ರತಿಗಳಾಗಿ ಅಚ್ಚಾದವು. 1925ರಲ್ಲಿ ಸಂತರೆಂಬ ಘೋಷಣೆ. ಮಠದಾಚೆ ಕಾಲಿಡದವರಿಗೆ 1927ರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರೊಂದಿಗೆ ಪ್ರೇಷಿತಕಾರ್ಯದ ಪಾಲಕಿಯ ಪಟ್ಟ. 1997ರಲ್ಲಿ ಧರ್ಮಸಭೆಯ ಪಂಡಿತೆ ಎಂಬ ಗೌರವ. ಅವರ ಭರವಸೆಯ ಕುರಿತೇ ಜಗದ್ಗುರು ಫ್ರಾನ್ಸಿಸರು 2023ರ ಅಕ್ಟೋಬರಿನಲ್ಲಿ ಒಂದು ಪತ್ರ ಬರೆದರು.

ಇಷ್ಟೆಲ್ಲಕ್ಕೂ ಮೊದಲಿನ ಒಂದು ಸಂಗತಿ ಬಾಕಿಯಿದೆ. 1897ರ ಬೇಸಿಗೆಯಲ್ಲಿ ಮಠದ ಹಿರಿಯರು ಅವರಿಗೆ ಇನ್ನಷ್ಟು ಬರೆಯಲು ಹೇಳಿದ್ದರು. ಜ್ವರ ಏರುತ್ತಿತ್ತು. ಶಾಯಿಯ ಲೇಖನಿ ಹಿಡಿಯುವ ಶಕ್ತಿ ಹೋದಾಗ ಪೆನ್ಸಿಲ್ ತೆಗೆದುಕೊಂಡರು. ಆ ಕೊನೆಯ ಸಾಲುಗಳಲ್ಲೂ ಅವರ ಕೈ ಶುಭಸಂದೇಶವನ್ನೇ ಹುಡುಕುತ್ತದೆ. ಮುಂದಿನ ಸ್ಥಾನದ ಫರಿಸಾಯನನ್ನು ಬಿಟ್ಟು ಹಿಂದೆ ನಿಂತ ಸುಂಕದವನ ಕಡೆಗೆ ಹೋಗುತ್ತಾರೆ, ಮಗ್ದಲದ ಮರಿಯಳನ್ನು ನೆನೆಯುತ್ತಾರೆ. ಲೋಕದ ಪಾಪಗಳೆಲ್ಲ ತನ್ನ ಮೇಲಿದ್ದರೂ ಮರಳಿ ಬಂದ ಮಗನಂತೆ ಯೇಸುವಿನ ತೋಳುಗಳಿಗೆ ಹೋಗಿ ಬೀಳುವೆ ಎನ್ನುತ್ತಾರೆ. ಭರವಸೆ ಮತ್ತು ಪ್ರೀತಿ ಎಂಬ ಎರಡು ಪದಗಳಿಗೆ ಬಂದಾಗ ಪೆನ್ಸಿಲ್ ನಿಂತಿದೆ.