ಪುಟ್ಟಣ್ಣ ಕಣಗಾಲ್: ಕಾದಂಬರಿ, ತೆರೆ ಮತ್ತು ಒಬ್ಬ ಮೇಷ್ಟ್ರು

ಜಯನಗರ 4ನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಹಿಂದೆ ಪುಟ್ಟಣ್ಣ ಹೆಸರಿನ ಚಿತ್ರಮಂದಿರವಿತ್ತು. ಈಗ ಅದಿಲ್ಲ. ಆ ನಿರ್ದೇಶಕರ ಚಿತ್ರಗಳನ್ನು ನಮ್ಮ ವಯಸ್ಸಿನವರು ಹೆಚ್ಚಾಗಿ ಕಂಡದ್ದು ಮನೆಯ ಟಿವಿಯಲ್ಲಿ. ಅವುಗಳಲ್ಲಿ ಹಲವು ಕನ್ನಡ ಕಾದಂಬರಿಗಳಿಂದ ಬಂದವು ಎಂಬುದು ಭಾವೀ ಶಿಕ್ಷಕರಿಗೆ ತಿಳಿದಿರಬೇಕು.

ಪುಟ್ಟಣ್ಣ ಹುಟ್ಟಿದ್ದು 1933ರ ಡಿಸೆಂಬರ್ 1ರಂದು, ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ. ಬಡತನದ ಮನೆ. ಕ್ಲೀನರ್, ಸೇಲ್ಸ್‌ಮನ್, ಮೇಷ್ಟ್ರು ಹೀಗೆ ಸಿಕ್ಕ ಕೆಲಸವನ್ನೆಲ್ಲ ಮಾಡಿ, ಕೊನೆಗೆ ಬಿ. ಆರ್. ಪಂತುಲು ಅವರ ಬಳಿ ಸಹಾಯಕರಾಗಿ ಸೇರಿದರು. ಪಂತುಲು ತೆಗೆದಿದ್ದ ‘ಸ್ಕೂಲ್ ಮಾಸ್ಟರ್’ ಕಥೆಯನ್ನೇ 1964ರಲ್ಲಿ ಮಲಯಾಳಂನಲ್ಲಿ ಮಾಡಿ ನಿರ್ದೇಶಕರಾದರು.

ತ್ರಿವೇಣಿಯವರು 1963ರಲ್ಲಿ ತೀರಿಕೊಂಡಿದ್ದರು. ಅವರ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ಪುಟ್ಟಣ್ಣ ಮೊದಲು ಮಲಯಾಳಂ ಚಿತ್ರವಾಗಿಸಿದರು. 1967ರ ‘ಬೆಳ್ಳಿ ಮೋಡ’ ಅವರ ಮೊದಲ ಕನ್ನಡ ಚಿತ್ರ. ಅದೂ ತ್ರಿವೇಣಿಯವರದೇ ಕಥೆ. ಆಸ್ತಿ ಕೈತಪ್ಪಿದೊಡನೆ ಬದಲಾದ ವರನನ್ನು ಇಂದಿರಾ ಕೊನೆಗೆ ಒಲ್ಲೆ ಎನ್ನುತ್ತಾಳೆ. ಮುಂದೆ ಎಂ. ಕೆ. ಇಂದಿರಾ ಅವರ ‘ಗೆಜ್ಜೆ ಪೂಜೆ’, ತ್ರಿವೇಣಿಯವರ ‘ಶರಪಂಜರ’, ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’, ವಾಣಿಯವರ ‘ಎರಡು ಕನಸು’ ಬಂದವು. ಹೆಣ್ಣಿನ ಪ್ರೀತಿಯನ್ನು ಮನೆ, ಮನೆತನ, ಊರು ಹೇಗೆ ಅಳೆಯುತ್ತವೆ ಎಂಬುದೇ ಇವುಗಳಲ್ಲಿ ಹೆಚ್ಚಿನವುಗಳ ತಿರುಳು. ಓದು ಬಾರದವರಿಗೂ ಈ ಕಥೆಗಳು ತಲುಪಿದ್ದು ಪುಟ್ಟಣ್ಣನವರಿಂದ.

ಆದರೆ ಪುಸ್ತಕ ಇದ್ದ ಹಾಗೆಯೇ ತೆರೆಗೆ ಬರುವುದಿಲ್ಲ. ತ. ರಾ. ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ 1972ರಲ್ಲಿ ‘ನಾಗರಹಾವು’ ಮಾಡಿದರು. ಜನ ಮುಗಿಬಿದ್ದು ನೋಡಿದರು. ಲೇಖಕರಿಗೆ ಮಾತ್ರ ಸಮಾಧಾನವಾಗಲಿಲ್ಲ. ಬಿಟ್ಟದ್ದೆಷ್ಟು, ಉಳಿಸಿದ್ದೆಷ್ಟು ಎಂಬ ಪ್ರಶ್ನೆ ನಮಗೂ ಹೊಸದಲ್ಲ. ಒಂದು ಘಟಕವನ್ನು ನಲವತ್ತು ನಿಮಿಷದ ಪಾಠಯೋಜನೆಗೆ ಇಳಿಸುವಾಗ ನಾವು ಮಾಡುವುದೂ ಇದನ್ನೇ.

ಚಿತ್ರದಲ್ಲಿ ಅವರು ಬಿಡದೆ ಹಿಡಿದದ್ದು ಚಾಮಯ್ಯ ಮೇಷ್ಟ್ರನ್ನು. ಊರೆಲ್ಲ ಪುಂಡನೆಂದ ರಾಮಾಚಾರಿಯನ್ನು ನಂಬಿದವರು ಇವರೊಬ್ಬರೇ. ಆ ನಂಬಿಕೆಯ ಬಲದಿಂದಲೇ ಅಲಮೇಲುವನ್ನು ಮರೆತುಬಿಡುವಂತೆ ಅವನನ್ನು ಒಪ್ಪಿಸುತ್ತಾರೆ. ಮೇಷ್ಟ್ರ ಮಾತಿಗೆ ಶಿಷ್ಯ ತಲೆಬಾಗುತ್ತಾನೆ, ಅಲಮೇಲುವಿನ ಬಾಳು ಹಾಳಾಗುತ್ತದೆ. ಮುಂದೆ ಮಾರ್ಗರೆಟ್ ವಿಷಯದಲ್ಲೂ ಮೇಷ್ಟ್ರು ಅಡ್ಡ ಬಂದಾಗ, ದುರ್ಗದ ಬೆಟ್ಟದ ಮೇಲೆ ಮೂವರೂ ಪ್ರಾಣ ಕಳೆದುಕೊಳ್ಳುತ್ತಾರೆ. ಚಾಮಯ್ಯ ಕೆಟ್ಟವರಲ್ಲ. ಶಿಷ್ಯನಿಗೆ ಒಳಿತು ಯಾವುದೆಂದು ಅವನನ್ನು ಕೇಳದೆ ತಾವೇ ತೀರ್ಮಾನಿಸಿದರು, ಅಷ್ಟೆ.

ಪುಟ್ಟಣ್ಣ ಕೊನೆಗೆ ಕೈಗೆತ್ತಿಕೊಂಡದ್ದೂ ತ. ರಾ. ಸು. ಅವರ ಕಾದಂಬರಿಯನ್ನೇ. ‘ಮಸಣದ ಹೂವು’ ಮುಗಿಯುವ ಮೊದಲೇ, 1985ರ ಜೂನ್ 5ರಂದು, 51ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಉಳಿದ ಭಾಗವನ್ನು ಕೆ. ಎಸ್. ಎಲ್. ಸ್ವಾಮಿ ಪೂರ್ಣಗೊಳಿಸಿದರು. ರಾಜ್ಯ ಸರ್ಕಾರ ಚಲನಚಿತ್ರ ನಿರ್ದೇಶಕರಿಗೆ ಕೊಡುವ ಪ್ರಶಸ್ತಿ ಇಂದು ಅವರ ಹೆಸರಿನಲ್ಲಿದೆ.

ಒಳ್ಳೆಯ ಶಿಕ್ಷಕರಿಗೆ ಉದಾಹರಣೆಯಾಗಿ ನಾವು ಚಾಮಯ್ಯ ಮೇಷ್ಟ್ರನ್ನು ಹೆಸರಿಸುತ್ತೇವೆ. ಬೋಧನಾಭ್ಯಾಸಕ್ಕೆ ಹೊರಡುವ ಮುನ್ನ ಆ ಚಿತ್ರವನ್ನು ಕೊನೆಯವರೆಗೂ ನೋಡುವುದು ಒಳ್ಳೆಯದು. ಮಕ್ಕಳು ನಮ್ಮ ಮಾತು ಕೇಳುವಂತೆ ಮಾಡುವುದನ್ನು ನಾವು ಕಲಿಯುತ್ತಿದ್ದೇವೆ. ಕೇಳುವ ಮಗುವಿನ ಮುಂದೆ ಏನು ಹೇಳಬಾರದು ಎಂಬುದನ್ನೂ ಕಲಿಯಬೇಕಾಗಿದೆ.