ಹುದೈಬಿಯಾದ ಸಂಧಾನಕಾರ ಸುಹೈಲ್ ಬಿನ್ ಅಮ್ರ್(ರ)

ಓದುಗರೇ, ಎರಡು ಮನೆಗಳ ನಡುವಿನ ಮಾತುಕತೆ ಮುರಿದು ಬೀಳುವುದನ್ನು ನೀವು ಕಂಡಿರಬಹುದು. ಎಷ್ಟೋ ಸಲ ಅದು ಮುರಿಯುವುದು ಹಣ, ಜಮೀನಿನ ಲೆಕ್ಕದಲ್ಲಲ್ಲ. ಯಾರು ಮೇಲು, ಯಾರು ತಲೆಬಾಗಿದರು ಎಂಬ ಹಠದಲ್ಲಿ. ಸುಹೈಲ್ ಬಿನ್ ಅಮ್ರ್(ರ)ರ ಬದುಕನ್ನು ಈ ದೃಷ್ಟಿಯಿಂದ ನೋಡಿರಿ.

ಅವರು ಮಕ್ಕಾದ ಕುರೈಶ್ ಮುಖಂಡರು, ಹೆಸರಾಂತ ವಾಗ್ಮಿ. ಕ್ರಿ.ಶ. 624ರ ಬದ್ರ್ ಯುದ್ಧದಲ್ಲಿ ಸೆರೆಸಿಕ್ಕರು. ಇಸ್ಲಾಮಿನ ವಿರುದ್ಧ ಮತ್ತೆ ಭಾಷಣ ಮಾಡದಂತೆ ಅವರ ಮುಂದಿನ ಹಲ್ಲುಗಳನ್ನು ಕೀಳಲು ಹ. ಉಮರ್(ರ) ಅನುಮತಿ ಕೇಳಿದರು. ಪ್ರವಾದಿವರ್ಯರು(ಸ) ಒಪ್ಪಲಿಲ್ಲ. ಆ ನಾಲಗೆ ಮುಂದೊಂದು ದಿನ ಒಳಿತಿಗೆ ನಿಂತೀತೆಂಬ ನಿರೀಕ್ಷೆ ಅವರಿಗಿತ್ತು.

ಹಿಜರಿ 6ರಲ್ಲಿ (ಕ್ರಿ.ಶ. 628) ಪ್ರವಾದಿವರ್ಯರು(ಸ) ಸುಮಾರು 1400 ಅನುಚರರೊಂದಿಗೆ ಉಮ್ರಾಕ್ಕೆ ಹೊರಟಾಗ ಕುರೈಶರು ತಡೆದರು. ಹುದೈಬಿಯಾದಲ್ಲಿ ಸಂಧಾನಕ್ಕೆ ಬಂದವರು ಇದೇ ಸುಹೈಲ್. 10 ವರ್ಷ ಯುದ್ಧವಿಲ್ಲ ಎಂಬ ದೊಡ್ಡ ವಿಷಯಕ್ಕೆ ಒಪ್ಪಿಗೆಯಾಯಿತು. ಬರೆಯಲು ಕುಳಿತಾಗ ತಕರಾರು ಎದ್ದಿತು. ಆರಂಭದಲ್ಲಿ ಅಲ್ಲಾಹನನ್ನು ರಹ್ಮಾನ್ ಎಂದು ಬರೆಯಲು ಸುಹೈಲ್ ಬಿಡಲಿಲ್ಲ. ಹಳೆಯ ರೂಢಿಯಂತೆ ಬರೆಸಿದರು. ಅಲ್ಲಾಹನ ರಸೂಲರೆಂಬ ಪದವನ್ನೂ ಒಪ್ಪಲಿಲ್ಲ. ಅದನ್ನು ಅಳಿಸಲು ಹ. ಅಲಿ(ರ)ಯವರ ಕೈ ಏಳದಿದ್ದಾಗ ಪ್ರವಾದಿವರ್ಯರೇ(ಸ) ಅಳಿಸಿದರು. ಪದ ಅಳಿಯಿತು, ಸತ್ಯ ಅಳಿಯಲಿಲ್ಲ. ಬಲವಂತಕ್ಕೆ ಮಣಿದೆವೆಂದು ಅರಬರು ಆಡಿಕೊಂಡಾರು ಎಂಬ ಅಳುಕಿನಿಂದ ಕುರೈಶರು ಉಮ್ರಾವನ್ನು ಮರುವರ್ಷಕ್ಕೆ ಮುಂದೂಡಿಸಿದರು.

ಕೊನೆಯ ಗಂಟು ಕರುಳಿನದು. ಮಕ್ಕಾದಿಂದ ಓಡಿಬಂದವರನ್ನು ಮರಳಿಸಬೇಕೆಂಬ ಕರಾರು ಬರೆಯುತ್ತಿರುವಾಗಲೇ ಸುಹೈಲರ ಮಗ ಅಬೂ ಜಂದಲ್(ರ) ಸಂಕೋಲೆ ಎಳೆಯುತ್ತ ಬಂದು ಮುಸ್ಲಿಮರ ನಡುವೆ ಬಿದ್ದರು. ಅವರನ್ನು ಬಿಟ್ಟುಕೊಡುವಂತೆ ಪ್ರವಾದಿವರ್ಯರು(ಸ) ಕೇಳಿಕೊಂಡರೂ ತಂದೆ ಮಣಿಯಲಿಲ್ಲ. ಅನುಚರರ ಎದೆ ಒಡೆಯಿತು. ಆದರೂ ಕೊಟ್ಟ ಮಾತು ಉಳಿಯಿತು. ಮುಂದೆ ಕುರೈಶರೇ ಬಂದು ಆ ಕರಾರನ್ನು ಕೈಬಿಡುವಂತೆ ಬೇಡಿಕೊಂಡರು!

ಕ್ರಿ.ಶ. 630ರಲ್ಲಿ ಮಕ್ಕಾ ಜಯವಾದಾಗ ಸುಹೈಲ್ ಬಾಗಿಲು ಮುಚ್ಚಿ ಕುಳಿತರು. ಇನ್ನೊಬ್ಬ ಮಗ ಅಬ್ದುಲ್ಲಾ(ರ) ಅವರಿಗಾಗಿ ಅಭಯ ಕೇಳಿದರು, ದೊರೆಯಿತು. ಯಾರೂ ಅವರನ್ನು ದುರುಗುಟ್ಟಿ ನೋಡಬಾರದೆಂದೂ ಆಜ್ಞೆಯಾಯಿತೆಂದು ಚರಿತ್ರೆಕಾರರು ಬರೆದಿದ್ದಾರೆ. ಸ್ವಲ್ಪ ದಿನಗಳಲ್ಲೇ ಅವರು ಇಸ್ಲಾಮ್ ಸ್ವೀಕರಿಸಿ ನಮಾಝ್, ಉಪವಾಸಗಳಲ್ಲಿ ಮುಳುಗಿದರು. 632ರಲ್ಲಿ ಪ್ರವಾದಿವರ್ಯರ(ಸ) ನಿಧನದಿಂದ ಮಕ್ಕಾ ತತ್ತರಿಸಿದಾಗ ಎದ್ದು ನಿಂತು ಜನರನ್ನು ಧರ್ಮದಲ್ಲಿ ಸ್ಥಿರಗೊಳಿಸಿದ್ದು ಅದೇ ನಾಲಗೆ. ಮುಂದೆ ಶಾಮ್‌ಗೆ ಹೋಗಿ ಅಲ್ಲೇ ಕೊನೆಯುಸಿರೆಳೆದರು.

ನೀವು ರಾಜಿಗೆ ಕುಳಿತಾಗ ನಿಮ್ಮನ್ನೇ ಕೇಳಿಕೊಳ್ಳಿರಿ: ನಾನು ಕಾಯುತ್ತಿರುವುದು ಸತ್ಯವನ್ನೋ, ನನ್ನ ಹಠವನ್ನೋ? ಎದುರು ಕುಳಿತ ಹಠಮಾರಿಗೂ ಒಂದು ಬಾಗಿಲು ತೆರೆದಿಡಿರಿ. ನಾಳೆ ಅವನು ನಿಮ್ಮ ಸಹೋದರನಾಗಬಹುದು.