ಕೇಳಿಸಿದರೂ ಕಾಣದ ಅಮೀಲಿಯಾ

ಮಕ್ಕಳೇ, ನಿಮ್ಮ ಮನೆಯಲ್ಲಿ ಮೀಡಿಯಂ ವೇವ್ ಹಿಡಿಯುವ ಹಳೆಯ ಟ್ರಾನ್ಸಿಸ್ಟರ್ ಇದೆಯೇ? ಯಾವುದಾದರೂ ಕೇಂದ್ರ ಹಚ್ಚಿ, ಪೆಟ್ಟಿಗೆಯನ್ನು ನಿಧಾನವಾಗಿ ಸುತ್ತ ತಿರುಗಿಸಿ. ಒಂದು ಕಡೆ ದನಿ ಜೋರು, ಇನ್ನೊಂದು ಕಡೆ ಕ್ಷೀಣ. ದನಿ ಎಲ್ಲಿ ಕುಗ್ಗುತ್ತದೆ ಎಂಬುದರಿಂದ ಕೇಂದ್ರದ ದಿಕ್ಕು ತಿಳಿಯಬಹುದು. ಇದೇ ಉಪಾಯವನ್ನು ನಂಬಿ ಸಾಗರದ ಮೇಲೆ ಹಾರಿದವರು ಅಮೀಲಿಯಾ ಇಯರ್‌ಹಾರ್ಟ್.

ಅಮೀಲಿಯಾ ಹುಟ್ಟಿದ್ದು 1897ರಲ್ಲಿ, ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ. ದೂರವಾಣಿ ಕಂಪನಿಯಲ್ಲಿ ದುಡಿದು, ಹಣ ಕೂಡಿಸಿ 1921ರಲ್ಲಿ ವಿಮಾನ ಹಾರಿಸಲು ಕಲಿತರು. 1928ರಲ್ಲಿ ಅಟ್ಲಾಂಟಿಕ್ ಸಾಗರ ದಾಟಿದರಾದರೂ ವಿಮಾನ ನಡೆಸಿದವರು ಬೇರೆಯವರು. ಅದು ಅವರಿಗೆ ಸಮಾಧಾನ ತರಲಿಲ್ಲ. 1932ರಲ್ಲಿ ಒಬ್ಬರೇ ಹಾರಿ ಐರ್ಲೆಂಡಿನ ಹುಲ್ಲುಗಾವಲಿನಲ್ಲಿ ಇಳಿದರು. ದಾರಿಯಲ್ಲಿ ರೆಕ್ಕೆಗೆ ಹಿಮ ಕಟ್ಟಿತ್ತು, ಎತ್ತರ ತೋರಿಸುವ ಉಪಕರಣ ಕೆಟ್ಟಿತ್ತು!

1937ರಲ್ಲಿ ಭೂಮಿಯನ್ನು ಸುತ್ತಲು ಹೊರಟರು. ಜೊತೆಗೆ ದಾರಿ ಲೆಕ್ಕ ಹಾಕುವ ಫ್ರೆಡ್ ನೂನನ್. ಜೂನ್‌ನಲ್ಲಿ ಕರಾಚಿ, ಕಲ್ಕತ್ತಗಳಲ್ಲಿ ಇಳಿದು ಮುಂದೆ ಸಾಗಿದರು. ಜುಲೈ 2ರಂದು ನ್ಯೂಗಿನಿಯ ಲೇ ಊರಿನಿಂದ ಹೌಲ್ಯಾಂಡ್ ದ್ವೀಪದತ್ತ ಹಾರಿದರು. ದೂರ ಸುಮಾರು 4,100 ಕಿ.ಮೀ. ಆ ದ್ವೀಪದ ಉದ್ದವೋ ಬರೀ ಎರಡೂವರೆ ಕಿ.ಮೀ.! ಕಣ್ಣಿಂದ ಹುಡುಕುವುದು ಕಷ್ಟ. ರೇಡಿಯೋ ಬೇಕೇ ಬೇಕು.

ದ್ವೀಪದ ಬಳಿ ಇಟಾಸ್ಕಾ ಎಂಬ ಹಡಗು ಕಾದಿತ್ತು. ಬೆಳಿಗ್ಗೆ ಅಮೀಲಿಯಾ ಅವರ ದನಿ ಹಡಗಿಗೆ ಜೋರಾಗಿಯೇ ಕೇಳಿಸಿತು. ಆದರೆ ಹಡಗಿನ ದಿಕ್ಕು ಪತ್ತೆಹಚ್ಚುವ ಉಪಕರಣ ಕಡಿಮೆ ಆವೃತ್ತಿಯ ತರಂಗಗಳಿಗೆ ಮಾತ್ರ. ಅವರು ಮಾತನಾಡುತ್ತಿದ್ದುದು 3105 ಕಿಲೋಹರ್ಟ್ಸ್‌ನಲ್ಲಿ. ಕಡಿಮೆ ಆವೃತ್ತಿಗೆ ಬೇಕಾದ ಉದ್ದನೆಯ ತಂತಿ ಆಂಟೆನಾವನ್ನು ಪ್ರಯಾಣದ ಆರಂಭದಲ್ಲೇ ಬಿಟ್ಟು ಬಂದಿದ್ದರು. ಹಡಗಿನವರ ಮಾತು ವಿಮಾನಕ್ಕೆ ಕೇಳಿಸಲೇ ಇಲ್ಲ. ಅವರು ಕೋರಿದಂತೆ ಹಡಗು 7500 ಕಿಲೋಹರ್ಟ್ಸ್‌ನಲ್ಲಿ ಮೋರ್ಸ್ ಸಂಕೇತ ಕಳಿಸಿತು. ಅದು ಕೇಳಿಸಿತು! ಆದರೆ ಅಷ್ಟು ಹೆಚ್ಚಿನ ಆವೃತ್ತಿಯಲ್ಲಿ ವಿಮಾನದ ಬಳೆಯಾಕಾರದ ಆಂಟೆನಾ ಎತ್ತ ತಿರುಗಿಸಿದರೂ ದಿಕ್ಕು ಸಿಗಲಿಲ್ಲ. ಮೋರ್ಸ್‌ನಲ್ಲೇ ಮಾತುಕತೆ ನಡೆಸೋಣವೆಂದರೆ ವಿಮಾನದಲ್ಲಿದ್ದ ಇಬ್ಬರಿಗೂ ಅದು ಚೆನ್ನಾಗಿ ಬರುತ್ತಿರಲಿಲ್ಲ. ಅಮೀಲಿಯಾರ ಧೈರ್ಯ ದೊಡ್ಡದು, ನಿಜ. ಆದರೂ ಹೊಸ ಉಪಕರಣವನ್ನು ನೆಲದ ಮೇಲೇ ಪೂರ್ತಿ ಪರೀಕ್ಷಿಸದೆ ಹೊರಟಿದ್ದು ತಪ್ಪೆಂದೇ ತೋರುತ್ತದೆ.

ಬೆಳಿಗ್ಗೆ 8.43ಕ್ಕೆ ಕೊನೆಯ ಮಾತು ಕೇಳಿಸಿತು. ಹಡಗುಗಳೂ ವಿಮಾನಗಳೂ ಎರಡು ವಾರಕ್ಕೂ ಹೆಚ್ಚು ಕಾಲ ಹುಡುಕಿದವು. 1939ರ ಜನವರಿಯಲ್ಲಿ ಅಮೀಲಿಯಾ ತೀರಿಕೊಂಡಿದ್ದಾರೆಂದು ಘೋಷಿಸಲಾಯಿತು. ಅವರ ವಿಮಾನ ಇಂದಿಗೂ ಸಿಕ್ಕಿಲ್ಲ.